ಚೆಂಡೂ ಇಲ್ಲ, ಸುಳಿವೂ ಇಲ್ಲ

ಮನೆಯಿಂದ,
ಶುಕ್ರವಾರ ಸಂಜೆ

ಪ್ರೀತಿಯ ಇವರಿಗೆ,

ಸೊಂಟನೋವು ಹೇಗಿದೆ? ಕ್ರೇನಿನ ಕ್ಯಾಬಿನ್ನಿನಲ್ಲಿ ಬೆನ್ನಿಗೆ ಇಟ್ಟುಕೊಳ್ಳಿ ಎಂದು ದಿಂಬು ಹೊಲಿದು ಕಳಿಸಿದರೆ, ನೀವು ಅದನ್ನು ತಲೆಗಿಟ್ಟುಕೊಂಡು ಮಲಗುತ್ತೀರಂತೆ. ರಜೆಗೆ ಬಂದಿರುವ ನಿಮ್ಮ ವೆಲ್ಡರ್ ಎಲ್ಲ ಹೇಳಿದ್ದಾರೆ, ನನ್ನಿಂದ ಏನೂ ಮುಚ್ಚಿಡಲಾಗದು. ಅವರು ಸೋಮವಾರ ಸೇತುವೆ ಕೆಲಸಕ್ಕೆ ವಾಪಸು ಬರುತ್ತಿದ್ದಾರೆ, ಈ ಪತ್ರ ಅವರ ಕೈಯಲ್ಲೇ ಕಳಿಸುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಅಲ್ಲಿಯ ಗದ್ದಲದಲ್ಲಿ ‘ಹಾಂ, ಹಾಂ’ ಎಂದು ಇಟ್ಟುಬಿಡುತ್ತೀರಿ. ಇದು ಹಾಂ ಹಾಂ ಎಂದು ಮುಗಿಸುವ ವಿಷಯವಲ್ಲ. ನಾನು ಚೆನ್ನಾಗಿದ್ದೇನೆ. ಅಂಗಡಿಯಲ್ಲಿ ಕೈತುಂಬ ಹೊಲಿಗೆ, ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ, ಅಷ್ಟೇ.

ಮೂರು ಫುಟ್‌ಬಾಲ್ ಕ್ಲಬ್ಬುಗಳು ಒಂದಾಗುವ ಮಾತು ನೀವಿದ್ದಾಗಲೇ ಶುರುವಾಗಿತ್ತಲ್ಲ, ಅದು ಈಗ ನಿಜವಾಗಿದೆ. ನಮ್ಮದು, ರೈಲುಹಳಿಯಾಚೆ ಬೇಕರಿಯವರದು, ಡ್ರಿಲ್ ಮೇಷ್ಟರದು. ಒಂಟಿಯಾಗಿ ಯಾರಿಗೂ ಮೇಲಿನ ಲೀಗಿಗೆ ಹೋಗುವ ತಾಕತ್ತಿಲ್ಲ, ಆದ್ದರಿಂದ ಹದಿನಾರರ ಒಳಗಿನ ಒಳ್ಳೆಯ ಆಟಗಾರ್ತಿಯರನ್ನೆಲ್ಲ ಸೇರಿಸಿ ಒಂದೇ ತಂಡ ಕಟ್ಟುತ್ತಾರೆ. ಉಳಿದವರು ತಂತಮ್ಮ ಕ್ಲಬ್ಬಿನಲ್ಲೇ ಆಡುತ್ತಾರೆ. ಹಾವು ಮುಂಗುಸಿ ಒಂದೇ ಬುಟ್ಟಿಗೆ ಬಂದಿವೆ ಎಂದುಕೊಳ್ಳಿ. ಅಂಗಿಯ ಬಣ್ಣಕ್ಕೇ ಎತ್ತು ಏರಿಗೆ, ಕೋಣ ನೀರಿಗೆ ಎಂದು ಒಂದು ವಾರ ಎಳೆದಾಡಿದರು. ಕೊನೆಗೆ ಯಾರದ್ದೂ ಅಲ್ಲದ ಬಿಳಿ ಎಂದಾಯಿತು. ಮೂರು ಜನ ಗಂಡಸರು ಕೂತು ಕೆಸರಿನಲ್ಲಿ ಆಡುವ ಮಕ್ಕಳಿಗೆ ಬಿಳಿ ಅಂಗಿ ಆರಿಸಿದ್ದಾರೆ. ಒಗೆಯುವವರ ಗತಿ ಯಾರ ತಲೆಗೂ ಹೊಳೆಯಲಿಲ್ಲ. ಹೊಲಿಯುವುದು ನಮ್ಮ ಅಂಗಡಿಗೇ ಬಂದಿದೆ, ಕತ್ತರಿ ನನ್ನದೇ. ಆಯ್ಕೆಗೆ ಒಂದು ಕಟ್ಟುನಿಟ್ಟು ಇದೆ: ಯಾವ ಕೋಚೂ ತನ್ನ ಕ್ಲಬ್ಬಿನ ಹುಡುಗಿಯರ ಪರವಾಗಿ ಬಾಯಿ ಬಿಡುವಂತಿಲ್ಲ, ಉಳಿದಿಬ್ಬರು ಒಪ್ಪಬೇಕು. ನಮ್ಮ ಕ್ಲಬ್ಬಿನ ಕೋಚಾಗಿ ನಿಮ್ಮ ಬದಲಿಗೆ ನಿಮ್ಮ ಭಾಮೈದ ನಿಂತಿದ್ದಾನೆ. ನನ್ನ ತಮ್ಮ ಎಂದು ಹೇಳುತ್ತಿಲ್ಲ, ಸೀಟಿ ಊದುವುದರಲ್ಲಿ ಅವನಿಗೆ ಸಮ ಯಾರೂ ಇಲ್ಲ. ಉಳಿದದ್ದು ಕೇಳಬೇಡಿ.

ಹೋದ ಭಾನುವಾರ ಆಯ್ಕೆ ನಡೆಯಿತು. ನಮ್ಮ ಮಿಡತೆ ಆಯ್ಕೆಯಾಗಲಿಲ್ಲ. ಹೌದು, ನಿಮ್ಮ ಮಗಳೇ. ಊಟ ಬಿಟ್ಟು ಕೂರಬೇಡಿ, ಮುಂದೆ ಓದಿ. ಮೂರೂ ಕ್ಲಬ್ಬಿನವರನ್ನು ಕಲಸಿ ಎರಡು ತಂಡ ಮಾಡಿ ಆಡಿಸಿದರು. ನಾನು ಅಂಗಡಿಯಿಂದ ನೇರ ಹೋಗಿ ಬೇಲಿಗೆ ಒರಗಿ ನಿಂತಿದ್ದೆ. ಬೇಕರಿಯವರ ಕಡೆಯ ಉದ್ದನೆಯ ಹುಡುಗಿ ನಮ್ಮ ಮಿಡತೆಯ ತಂಡಕ್ಕೇ ಬಂದಿತ್ತು. ಗೋಲಿನ ಮುಂದೆ ಒಂಟಿಯಾಗಿ ನಿಂತು ‘ಕೊಡೇ, ಕೊಡೇ’ ಎಂದು ಕೂಗಿ ಕೂಗಿ ಅದರ ಗಂಟಲು ಒಣಗಿತು. ನಮ್ಮವಳು ಚೆಂಡನ್ನು ಹಿಂದಕ್ಕೆ ತಿರುಗಿಸಿ ನಮ್ಮ ಕ್ಲಬ್ಬಿನವಳಿಗೇ ಕೊಟ್ಟಳು. ಒಂದು ಸಲವಲ್ಲ, ಪ್ರತಿ ಸಲ. ಎಡಗಾಲನ್ನಂತೂ ಮನೆಯಲ್ಲಿ ಬಿಟ್ಟು ಬಂದವಳಂತೆ ಆಡಿದಳು. ಆ ಎಡಗಾಲಿನಿಂದ ಅವಳು ಹೊಡೆದ ಚೆಂಡಿಗೆ ನಮ್ಮ ಬೀದಿಯ ಎಷ್ಟು ಕಿಟಕಿಗಳು ಹೋಗಿವೆ ಎಂದು ನಿಮಗೆ ಗೊತ್ತು. ಎಡಗಾಲಿಗೆ ಬಂದ ಚೆಂಡನ್ನೂ ನಿಲ್ಲಿಸಿ, ಬಲಗಾಲಿಗೆ ತಂದುಕೊಂಡು ಒದೆಯುತ್ತಿದ್ದಳು. ಅಷ್ಟರಲ್ಲಿ ಯಾರಾದರೂ ಕಿತ್ತುಕೊಳ್ಳುತ್ತಿದ್ದರು.

ಯಾಕೆಂದು ನಿಮಗೆ ಹೇಳಬೇಕೇ? ಆ ಎರಡು ಕ್ಲಬ್ಬುಗಳ ಎದುರು ಆಡುವ ದಿನ ಬೂಟಿನ ಲೇಸು ಕಟ್ಟುತ್ತಾ ನೀವು ಅವಳ ಕಿವಿಯಲ್ಲಿ ಹೇಳುತ್ತಿದ್ದ ಮಾತು: ‘ಅವರಿಗೆ ಚೆಂಡೂ ಕೊಡ್ಬೇಡ, ಸುಳಿವೂ ಕೊಡ್ಬೇಡ. ಎಡಗಾಲು ಫೈನಲ್‌ಗೆ ಇರ್ಲಿ.’ ಆ ಫೈನಲ್ ಬರಲೇ ಇಲ್ಲ. ಗುಟ್ಟು ಮಾತ್ರ ಕಾಪಾಡಿಕೊಂಡು ಬಂದೆವು. ಈಗ ಅವಳನ್ನು ಆರಿಸಬೇಕಾದವರು ಅದೇ ಇಬ್ಬರು. ಮಾಡಿದ್ದುಣ್ಣೋ ಮಹಾರಾಯ ಎನ್ನೋಣವೆಂದರೆ, ಮಾಡಿದ್ದು ನೀವು, ಉಣ್ಣುತ್ತಿರುವುದು ಮಗು. ನನಗೆ ನಿಮ್ಮ ಮೇಲೆ ಕೋಪ ಬಂದಿದೆ. ಬರೆದರೆ ಇಳಿದೀತು ಎಂದುಕೊಂಡಿದ್ದೆ, ಇನ್ನೂ ಇಳಿದಿಲ್ಲ.

ಬುಧವಾರ ಬ್ರೆಡ್ ತರುವ ನೆಪದಲ್ಲಿ ಬೇಕರಿಗೆ ಹೋದೆ. ನಿಮ್ಮ ಹೆಂಡತಿ ಬೇಡಲು ಹೋದಳೆಂದು ತಿಳಿಯಬೇಡಿ, ಜಗಳಕ್ಕೇ ಹೋಗಿದ್ದೆ. ಅವರು ಕೈಯ ಹಿಟ್ಟು ಒರೆಸಿಕೊಂಡು ಬಂದು, ‘ಅಕ್ಕಾ, ಆ ಹುಡುಗಿ ಎಡಗಾಲು ನಂಗೆ ಮೂರು ವರ್ಷದಿಂದ ಗೊತ್ತು’ ಎಂದರು. ನೀವು ಬೇರೆ ಊರಿನ ತಂಡಗಳ ಎದುರು ಅವಳನ್ನು ಆಡಿಸುವಾಗ ಇವರು ಟೋಪಿ ಹಾಕಿಕೊಂಡು ಜನರ ನಡುವೆ ನಿಂತು ನೋಡುತ್ತಿದ್ದರಂತೆ! ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದ್ದಾರೆ. ಅಷ್ಟೇ ಅಲ್ಲ, ತಮ್ಮ ಒಳ್ಳೆಯ ಗೋಲ್‌ಕೀಪರ್ ಹುಡುಗಿಯನ್ನು ನಮ್ಮೆದುರು ಯಾವತ್ತೂ ಇಳಿಸದೆ ಬೆಂಚಿನಲ್ಲೇ ಕೂರಿಸಿದ್ದರಂತೆ. ನನಗೆ ನಗು ಬಂದುಬಿಟ್ಟಿತು, ಜಗಳ ಅರ್ಧಕ್ಕೇ ನಿಂತಿತು. ಆಮೇಲೆ ಅವರು ಹೇಳಿದ ಮಾತಿಗೆ ಮಾತ್ರ ನಗು ಬರಲಿಲ್ಲ. ‘ಕಾಲು ಬೇಕಾದಷ್ಟಿದೆ ಅಕ್ಕಾ. ನಮ್ಮ ಹುಡುಗೀರಿಗೆ ಚೆಂಡೇ ಕೊಡಲ್ಲ ಅಂದ್ರೆ ನಾನ್ ಹೇಗ್ ತಗೊಳ್ಲಿ?’ ನ್ಯಾಯವಾದ ಮಾತು. ಎರಡು ಜಾಗ ಇನ್ನೂ ಖಾಲಿ ಇವೆ, ಈ ಭಾನುವಾರ ಮತ್ತೊಮ್ಮೆ ಆಡಿಸಿ ನೋಡುತ್ತಾರೆ. ಅದೇ ಕೊನೆ.

ಮನೆಗೆ ಬಂದು ಅವಳಿಗೆ ಎಲ್ಲ ಹೇಳಿದೆ. ಗೋಡೆ ನೋಡಿಕೊಂಡು ಕೇಳಿ, ‘ಅಪ್ಪ ಬೇಡ ಅಂದಿದ್ದಾರೆ’ ಎಂದಳು. ಅಪ್ಪ ಅಂದದ್ದು ಆಗ, ಈಗ ಅವರೂ ನಮ್ಮವರೇ ಎಂದು ತಿಳಿಹೇಳಿದೆ. ‘ಹಾಗಾದ್ರೆ ಅಪ್ಪನೇ ಹೇಳ್ಲಿ’ ಎಂದು ಹೊದ್ದು ಮಲಗಿದಳು. ನಿನ್ನೆ ಮೂರು ಸಲ ನಿಮಗೆ ಫೋನು ಮಾಡಿದೆವು, ಸಿಗ್ನಲ್ ಇಲ್ಲ. ರೀ, ಅವಳು ಹಟಮಾರಿ ಎಂದುಕೊಳ್ಳಬೇಡಿ. ನೀವು ದೂರ ಹೋದ ಮೇಲೆ ನಿಮ್ಮದೆಂದು ಅವಳ ಹತ್ತಿರ ಉಳಿದಿರುವುದು ಆ ಮಾತೊಂದೇ. ಅದನ್ನು ಬಿಟ್ಟರೆ ನಿಮ್ಮನ್ನೇ ಬಿಟ್ಟಂತೆ ಎಂದು ಅವಳಿಗೆ ಅನ್ನಿಸಿದೆ. ಅದು ನನಗೆ ಅರ್ಥವಾಗುತ್ತದೆ, ಹೊಟ್ಟೆ ಉರಿಯುವುದೂ ಅದಕ್ಕೇ.

ನನ್ನ ಬಿರುಸು ಮಾತುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ. ವೇಳೆಗೆ ಸರಿಯಾಗಿ ಉಣ್ಣಿ. ದಿಂಬು ಬೆನ್ನಿಗೆ, ತಲೆಗಲ್ಲ. ನಿಮ್ಮ ಭಾಮೈದ ನಮಸ್ಕಾರ ಹೇಳಿದ್ದಾನೆ, ಜೊತೆಗೆ ಹೊಸ ಸೀಟಿ ಬೇಕಂತೆ.

ಇಂತು,
ಕೋಪ ಇನ್ನೂ ಇಳಿಯದ
ನಿಮ್ಮವಳು

ಮರೆತ ಮಾತು: ಭಾನುವಾರ ರಾತ್ರಿ ಅವಸರದಲ್ಲಿ ಬರೆಯುತ್ತಿದ್ದೇನೆ, ವೆಲ್ಡರ್ ಬಾಗಿಲಲ್ಲಿ ನಿಂತಿದ್ದಾರೆ, ರೈಲಿಗೆ ಈಗಲೇ ಹೊರಡಬೇಕಂತೆ. ಮಿಡತೆ ಆಯ್ಕೆಯಾದಳು. ಮೊದಲರ್ಧ ಹೋದ ವಾರದ್ದೇ ಆಟ. ನಾನು ಆಸೆ ಬಿಟ್ಟಿದ್ದೆ. ಆಮೇಲೆ ಏನನ್ನಿಸಿತೋ, ಎಡಗಾಲಿನಿಂದಲೇ ಚೆಂಡನ್ನು ಆ ಉದ್ದನೆಯ ಹುಡುಗಿಯ ಮುಂದಕ್ಕೆ ಕಳಿಸಿದಳು, ಅದು ಗೋಲು ಹೊಡೆದು ಓಡಿಬಂದು ಇವಳನ್ನು ಎತ್ತಿಕೊಂಡು ಕುಣಿಯಿತು. ಎಲ್ಲರೂ ನಗುತ್ತಿದ್ದರೆ ನಮ್ಮವಳು ಬೇಲಿಯ ಕಡೆ, ನೀವು ಯಾವಾಗಲೂ ನಿಲ್ಲುವ ಜಾಗದ ಕಡೆ ನೋಡಿದಳು. ಮನೆ ಮೆಟ್ಟಿಲ ಹತ್ತಿರ ‘ಅಪ್ಪಂಗೆ ಬೇಜಾರಾಗತ್ತಾ?’ ಎಂದು ಕೇಳಿದಳು. ಇಲ್ಲ ಎಂದು ನಿಮ್ಮ ಪರವಾಗಿ ನಾನೇ ಹೇಳಿಬಿಟ್ಟಿದ್ದೇನೆ. ಅವಳು ನಂಬಿಲ್ಲ. ನನಗೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ, ಅವಳಿಗೆ ಬರೆಯಿರಿ.