ಅಳಿಯನ ಎದೆಕಲ್ಲು

ನನ್ನ ಜಗಳಗಂಟಿಯೇ,

ಭಾನುವಾರ ಬರುತ್ತೇನೆ ಅಂದಿದ್ದೆ. ಬರಲಿಲ್ಲ. ಸುತ್ತಿ ಬಳಸಿ ಸಮಜಾಯಿಷಿ ಹೇಳುವವಳಲ್ಲ ನಾನು. ರಜೆ ಸಿಗಲಿಲ್ಲ, ಬರಲಿಲ್ಲ, ಅಷ್ಟೆ. ಯಾಕೆ ಸಿಗಲಿಲ್ಲ ಅಂತ ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ನೀನು, "ಹಾಗಾದ್ರೆ ನಾನು ಹೇಳ್ದೇ ಇದ್ದಿದ್ರೆ ನೀನು ಬರ್ತಿದ್ದೆ" ಅಂದೆ. ನಾನು ಬಾಯಿ ತೆರೆಯುವ ಮೊದಲೇ, "ಇನ್ಮೇಲೆ ನಾನು ಯಾರಿಗೂ ಏನೂ ಹೇಳಲ್ಲ" ಅಂತ ಫೋನನ್ನು ದೊಡ್ಡಮ್ಮನ ಕೈಗೆ ತುರುಕಿ ಹೋದೆ.

ಆವತ್ತಿನಿಂದ ಫೋನ್ ಮಾಡಿದಾಗಲೆಲ್ಲ ದೊಡ್ಡಮ್ಮನ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತದೆ, ಅವಳ ಮೊಮ್ಮಗು ಪಾಪುವಿನ ರಾಗ ಕೇಳುತ್ತದೆ, ನಿನ್ನ ದನಿ ಕೇಳುವುದಿಲ್ಲ. "ಬರಲ್ವಂತೆ ಕಣೇ. ಬಾಗಿಲ ಹಿಂದೆ ನಿಂತಿದ್ದಾಳೆ, ಕಾಲು ಕಾಣ್ತಿದೆ" ಅನ್ನುತ್ತಾಳೆ ದೊಡ್ಡಮ್ಮ. ಅದಕ್ಕೇ ಈ ಕಾಗದ. ಬಾಗಿಲ ಹಿಂದೆಯೇ ನಿಂತು ಓದು, ಪರವಾಗಿಲ್ಲ. ಹರಿದು ಬಿಸಾಕುವುದಿದ್ದರೆ ಪೂರ್ತಿ ಓದಿ ಬಿಸಾಕು.

ನಾನು ಕಳಿಸಿದ ಸಿನಿಮಾ ವೀರನ ಗೊಂಬೆ ನಿನ್ನ ಕೈ ಸೇರಿದ ದಿನ ನೀನು ಕೊಟ್ಟ ವರದಿ ನನಗೆ ಈಗಲೂ ಬಾಯಿಪಾಠ. ಬೇರೆ ಮಕ್ಕಳಾಗಿದ್ದರೆ ಚೆನ್ನಾಗಿದೆ ಅಮ್ಮ ಅನ್ನುತ್ತಿದ್ದವು. ನೀನು, "ಅಮ್ಮಾ, ನಿನ್ನ ಹೀರೋಗೆ ಮೆಳ್ಳೆಗಣ್ಣು. ಒಂದು ಕಣ್ಣು ನನ್ನ ನೋಡುತ್ತೆ, ಇನ್ನೊಂದು ದೊಡ್ಡಮ್ಮನ್ನ ನೋಡುತ್ತೆ" ಅಂದೆ. "ಮಂಡಿ ಮಡಚಿದ್ರೆ ಕಿರ್ ಅನ್ನುತ್ತೆ, ದೊಡ್ಡಮ್ಮನ ಮಂಡಿ ಥರಾನೇ" ಅಂದೆ. ಹಿಂದಿನಿಂದ ದೊಡ್ಡಮ್ಮ, "ನನ್ನ ಮಂಡಿ ಸುದ್ದಿಗೆ ಬಂದ್ರೆ ನೋಡು!" ಅಂತ ಗದರಿದಳು. ಕತ್ತರಿ ಕೆಳಗೆ ಬಿದ್ದ ಸದ್ದು, ನೀನು ಓಡಿದ ಸದ್ದು, ಪಾಪು ಕೇಕೆ ಹಾಕಿದ ಸದ್ದು. ನಾನು ಗೊಂಬೆ ಕಾರ್ಖಾನೆಯ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು ನಿಮ್ಮ ಮನೆಯೊಳಗೆಲ್ಲ ಓಡಾಡಿಬಂದೆ. ಮಾತು ಮುಗಿದ ಮೇಲೂ ಫೋನ್ ಇಳಿಸಲಿಲ್ಲ.

ನೀನು ಹೇಳಿದ್ದೆಲ್ಲ ಸರಿ. ಅದೇ ಕೆಲಸಕ್ಕೆ ನಾನು ಸಂಬಳ ತೆಗೆದುಕೊಳ್ಳುತ್ತೇನೆ, ನೀನು ಬಿಟ್ಟಿ ಮಾಡಿಕೊಟ್ಟೆ. ಗೊಂಬೆ ನನ್ನ ಮೇಜಿಗೆ ಬಂದಾಗ ಮೊದಲು ಅದನ್ನು ನಿಲ್ಲಿಸುತ್ತೇನೆ. ತನ್ನ ಕಾಲ ಮೇಲೆ ತಾನು ನಿಲ್ಲಲಾರದವನ ಮೈಕಟ್ಟು ನೋಡಿ ಆಗಬೇಕಾದ್ದೇನು? ಆಮೇಲೆ ಅಚ್ಚಿನ ಎರಡು ಹೋಳು ಕೂಡಿದ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತೇನೆ. ಕಂಕುಳ ಸಂದಿಗೆ ಕಣ್ಣು ಹೋಗುವುದಿಲ್ಲ, ಬೆರಳು ಹೋಗುತ್ತದೆ. ತರಚಿದರೆ ಪಕ್ಕಕ್ಕೆ. ಕೈಕಾಲು ತಿರುಚುತ್ತೇನೆ, ಕತ್ತು ಎಳೆಯುತ್ತೇನೆ. ಮೂಗಿನ ಹತ್ತಿರ ಹಿಡಿಯುತ್ತೇನೆ. ಕಳಪೆ ಪ್ಲಾಸ್ಟಿಕ್ಕು ಮೂಗಿಗೇ ಜಗಳಕ್ಕೆ ಬರುತ್ತದೆ. ಕಣ್ಣು ಬರೆಯುವುದು ಈಗ ಯಂತ್ರ. ರಬ್ಬರಿನ ಮೊಹರು ಬಂದು ಮುಖಕ್ಕೆ ಒತ್ತುತ್ತದೆ. ತಲೆ ಕೂದಲೆಳೆಯಷ್ಟು ವಾಲಿದರೂ ಮೆಳ್ಳೆಗಣ್ಣು. ಅಷ್ಟು ಮೆಳ್ಳೆ ನಡೆಯುತ್ತದೆ ಅಂತ ಮೇಲಿನವರು ಗೆರೆ ಎಳೆದಿದ್ದಾರೆ. ಅದಕ್ಕೇ ನಿನ್ನದು ಪಾಸಾಯಿತು.

ಇವನನ್ನು ನಮ್ಮ ಸಾಲಿನ ಹೆಂಗಸರು ಕರೆಯುವುದು ಅಳಿಯ ಅಂತ. ಎದೆಗೆ ಕೆಂಪು ಕಲ್ಲು ಅಂಟಿಸುವ ಅಂಟಕ್ಕ ಇಟ್ಟ ಹೆಸರು ಅದು. "ಒರೆಸು, ಮಲಗಿಸು, ಹೊದಿಸು, ಪೆಟ್ಟಿಗೇಲಿ ಮೆತ್ತಗೆ ಹಾಸಿಗೆ ಹಾಸು. ಹೆತ್ತಮ್ಮನಿಗೆ ಇಷ್ಟು ಮಾಡಿದ್ರೆ ಅವಳು ಇನ್ನೂ ಬದುಕಿರೋಳು!" ಅನ್ನುತ್ತಾಳೆ. ಗೋಡೆಯ ಮೇಲೆ ಅವನದೇ ಆಳೆತ್ತರದ ಚಿತ್ರ, ಮುಷ್ಟಿ ಬಿಗಿದು ಲೋಕ ಉಳಿಸುತ್ತಿದ್ದಾನೆ. ಆ ಮುಷ್ಟಿಯ ಕೆಳಗೇ ಕೆಟ್ಟು ಕೂತ, ಹೊಗೆ ಹೊರಹಾಕುವ ಫ್ಯಾನು. ಅದರ ಕೆಳಗೆ ಅಂಟಿನ ಹೊಗೆ ಕುಡಿದು ಕೆಮ್ಮುವ ಅಂಟಕ್ಕ. ಲೋಕ ಉಳಿಸುವವನಿಗೆ ಕಾಲಬುಡ ಕಾಣುವುದಿಲ್ಲ. ಯಾವ ಸಿನಿಮಾದಲ್ಲೂ ಕಾಣುವುದಿಲ್ಲ.

ಒಂದು ಮಧ್ಯಾಹ್ನ ಅವನ ಎರಡು ಕೈಯನ್ನೂ ಎದೆಯ ಹತ್ತಿರ ಕೂಡಿಸಲು ನೋಡಿದೆ. ಕೂಡಲಿಲ್ಲ. ಆ ಮೊಣಕೈ ಗುದ್ದಲು ಎಷ್ಟು ಬೇಕೋ ಅಷ್ಟೇ ಮಡಚುತ್ತದೆ. ಒಂದು ಕೂಸನ್ನು ಎತ್ತಿಕೊಳ್ಳಲು ಬೇಕಾದಷ್ಟು ಮಡಚುವುದಿಲ್ಲ. ಅದನ್ನು ಕೇಳುವ ಪರೀಕ್ಷೆ ನಮ್ಮಲ್ಲಿಲ್ಲ. ಹಾಗಾಗಿ ಅದೂ ಪಾಸು.

ನಾನು ಇಲ್ಲಿಗೆ ಯಾಕೆ ಬಂದೆ ಅನ್ನುವುದು ನಿನಗೆ ಗೊತ್ತು. ನಮ್ಮೂರ ಕಾರ್ಖಾನೆಯ ಗೇಟಿನ ಮುಂದೆ ನಾವು ಧರಣಿ ಕೂತಾಗ ನೀನು ನನ್ನ ಹೆಗಲ ಮೇಲಿದ್ದೆ. ಎಲ್ಲರೂ ಕೂಗಿ ನಿಲ್ಲಿಸಿದ ಮೇಲೂ ನೀನೊಬ್ಬಳೇ ಕೂಗುತ್ತಿದ್ದೆ, ಪೊಲೀಸಿನವನೂ ನಕ್ಕಿದ್ದ. ಅದಾದ ಮೇಲೆ ಆ ಊರಿನ ಒಂದು ಗೇಟೂ ನನಗೆ ತೆರೆಯಲಿಲ್ಲ. ನಿನ್ನಪ್ಪ ಅದಕ್ಕೂ ಮುಂಚೆಯೇ ತನ್ನ ದಾರಿ ಹಿಡಿದಿದ್ದ. ನಿನ್ನ ಶಾಲೆ ಅಲ್ಲಿ, ನನ್ನ ಕೂಳು ಇಲ್ಲಿ. ಇದರಲ್ಲಿ ಹಣೆಬರಹ ಅನ್ನುವುದೇನೂ ಇಲ್ಲ ಮಗಳೇ. ಇದನ್ನು ಬರೆದವರಿಗೆ ಕುರ್ಚಿ ಇದೆ, ಮೇಜಿದೆ, ಮೇಜಿನ ಮೇಲೆ ಪೆನ್ನಿದೆ.

ಈಗ ಆ ಕಲ್ಲಿನ ವಿಷಯ.

ನೀನು ಅದನ್ನು ತಮಾಷೆಗೆ ಹೇಳಿದೆ. "ಅಮ್ಮಾ, ನಿನ್ನ ಹೀರೋನ ಎದೆಕಲ್ಲು ಬಿದ್ದೋಗಿತ್ತು. ಪಾಪು ಬಾಯಿಗೆ ಹಾಕ್ಕೊಂಡು ಕೆಂಪಗಾಗ್ಬಿಟ್ಟಿತ್ತು. ನಾನು ಬೆರಳು ಹಾಕಿ ಕಿತ್ತೆ. ಉಪಕಾರ ಇಲ್ಲ ಅಮ್ಮ ಅದಕ್ಕೆ, ಕಚ್ಚಿಬಿಡ್ತು!" ನೀನು ನಗುತ್ತಿದ್ದೆ. ಆ ಗೊಂಬೆಯನ್ನು ಪಾಸು ಮಾಡಿದ ಗುರುತು ನನ್ನದೇ. ಕಲ್ಲು ಅಂಟಿಸಿ ಒಣಗಿದ ಕೂಡಲೇ ಕೊಕ್ಕೆ ಸಿಕ್ಕಿಸಿ ಎಳೆಯುವ ಯಂತ್ರವೊಂದಿದೆ. ಅದರಲ್ಲೂ ಗೆದ್ದು ಬಂದ ಕಲ್ಲು ಅದು. ಇಲ್ಲಿ ಬೀಳದ್ದು ಅಲ್ಲಿ ಯಾಕೆ ಬಿತ್ತು?

ಯೋಚಿಸಿದೆ. ಹೊಸ ಅಂಟು ಹೊಸ ಸ್ನೇಹದ ಹಾಗೆ, ಬಿಡು ಅಂದರೂ ಬಿಡುವುದಿಲ್ಲ. ಆದರೆ ಗೊಂಬೆ ಇಲ್ಲಿಂದ ನೇರ ಮಗುವಿನ ಕೈಗೆ ಹೋಗುವುದಿಲ್ಲ. ಲಾರಿಯ ಹೊಟ್ಟೆಯಲ್ಲಿ ಬೇಯುತ್ತದೆ, ಗೋದಾಮಿನಲ್ಲಿ ಕೊಳೆಯುತ್ತದೆ. ಆ ಸಿನಿಮಾದ ಎರಡನೇ ಭಾಗ ಬರುತ್ತಿದೆಯಲ್ಲ, ಅದಕ್ಕಾಗಿ ಹೊಸ ಗೊಂಬೆಗಳ ರಾಶಿ ಸಿದ್ಧವಾಗಿತ್ತು. ಅಂಗಿಯ ಬಣ್ಣ ಬೇರೆ, ಕಲ್ಲು ಅದೇ, ಅಂಟು ಅದೇ. ಅದರಿಂದ ಒಂದಷ್ಟು ಪೆಟ್ಟಿಗೆ ಎತ್ತಿಕೊಂಡು ಬಾಯ್ಲರ್ ಕೋಣೆಯ ಗೋಡೆಗೆ ಒರಗಿಸಿಟ್ಟೆ. ಮಾರನೇ ದಿನ ತೆಗೆದು ಉಗುರಿನಿಂದ ಮೀಟಿದೆ. ಮಾಗಿದ ಹಣ್ಣಿನ ಬೀಜದ ಹಾಗೆ ಕಲ್ಲುಗಳು ಅಂಗೈಗೆ ಉದುರಿದವು.

ನಮ್ಮ ಸೂಪರ್‌ವೈಸರ್ ಮಾತುಮಾತಿಗೆ ಆಯ್ತಾ ಆಯ್ತಾ ಅನ್ನುವುದರಿಂದ ಅವರ ಹೆಸರೇ ಆಯ್ತಾ ಸಾರ್. ಕಲ್ಲುಗಳನ್ನು ಅವರ ಮುಂದೆ ಸುರಿದೆ.

"ಟೆಸ್ಟಲ್ಲಿ ಬಿತ್ತಾ? ಇಲ್ಲ ತಾನೇ? ಬಾಯ್ಲರ್ ಕೋಣೇಲಿಟ್ರೆ ನಾನೂ ಕರಗ್ತೀನಿ. ಬಿಟ್ಬಿಡು, ಆಯ್ತಾ?"

"ಲಾರಿಯೊಳಗೆ ಫ್ಯಾನ್ ಹಾಕಿಸಿ ಕಳಿಸ್ತೀರಾ ಸಾರ್?"

ಅವರು ಅಂಗಿಯ ಜೇಬು ತಟ್ಟಿಕೊಂಡರು. "ನಿನ್ನ ರಜೆ ಚೀಟಿ ಇಲ್ಲೇ ಇದೆ ಕಣಮ್ಮ, ಸಹಿ ಆಗಿದೆ. ಲಾರಿ ಹೊರಟ್ರೆ ಇದೂ ಹೊರಡುತ್ತೆ. ಆಯ್ತಾ?"

ನಾನು ಕಲ್ಲಲ್ಲ ಮಗಳೇ. ಫೇಲಾದ ಮಾಲಿಗೆ ಅಂಟಿಸಿ ತಡೆಯುವ ಕೆಂಪು ಚೀಟಿ ಬೆರಳಿಗೆ ಅಂಟಿಕೊಂಡಿತ್ತು, ರಾಶಿ ಎದುರಿಗಿತ್ತು, ನನಗೆ ಕಂಡದ್ದು ನೀನು. ಬಸ್ ನಿಲ್ದಾಣದ ಕಂಬ ಹಿಡಿದುಕೊಂಡು, ಬರುವ ಬಸ್ಸಿನ ಕಿಟಕಿಗಳಿಗೆಲ್ಲ ಕತ್ತು ಚಾಚುವ ನೀನು. ಸುಮ್ಮನೆ ಕೈ ಹಿಂದಕ್ಕೆ ತೆಗೆದರೆ ಸಾಕಿತ್ತು. ಆದರೆ ನಿನ್ನ ಹಿಂದೆ ಇನ್ನೊಂದು ಕಂಡಿತು. ಬಾಯಿಂದ ಕಲ್ಲು ಕಿತ್ತು ತೆಗೆಯಲು ಪಕ್ಕದಲ್ಲಿ ಅಕ್ಕನೇ ಇಲ್ಲದ ಒಂದು ಕೂಸು. ಚೀಟಿ ಅಂಟಿಸಿದೆ.

"ಮಗಳ ಮುಖ ನೋಡ್ಬೇಕು ಅನ್ನೋ ತಾಯಿ ಮಾಡೋ ಕೆಲ್ಸನೇನಮ್ಮ ಇದು?" ಅಂದರು ಆಯ್ತಾ ಸಾರ್.

ಗೇಟು, ಲಾಠಿ, ನೋಟೀಸು, ಎಲ್ಲಕ್ಕೂ ಎದುರುತ್ತರ ಕೊಟ್ಟವಳು ನಾನು. ಆ ಮಾತಿಗೆ ಮಾತ್ರ ಉತ್ತರ ಕೊಟ್ಟವಳು ಅಂಟಕ್ಕ. "ತಾಯಿ ಅಲ್ದೆ ಇನ್ಯಾರು ಮಾಡ್ತಾರೆ ಸಾರ್? ಇವನು ಮಾಡ್ತಾನಾ?" ಅಂತ ಕೈಲಿದ್ದ ಅಳಿಯನನ್ನು ಎತ್ತಿ ತೋರಿಸಿದಳು. ಇಡೀ ಸಾಲು ನಕ್ಕಿತು. ಆಯ್ತಾ ಸಾರ್ ಮುಖ ಹುಳಿ ಮಾಡಿಕೊಂಡು, ಬೇರೆಯವನ ಕೈಲಿ ಚೀಟಿ ಕೀಳಿಸಿ, "ಪ್ಯಾಕ್ ಮಾಡಿ" ಅಂದರು. ಅಂಟಕ್ಕ ಕೈ ಕೆಳಗಿಟ್ಟಳು. "ನಂಗ್ಯಾಕೋ ಕೈ ನೋವು ಸಾರ್." ಪಕ್ಕದವಳು, "ಅಯ್ಯೋ, ನಂಗೂ!" ಅಂದಳು. ನೋವು ಮೇಜಿನಿಂದ ಮೇಜಿಗೆ ಹಬ್ಬಿತು. ಅಂಥ ಅಂಟುರೋಗ ನಾನು ನೋಡಿಲ್ಲ.

ಮೇಲಿನ ಮಹಡಿಯಿಂದ ದೊಡ್ಡವರು ಇಳಿದುಬಂದರು. ಕಲ್ಲಿನ ಗುಡ್ಡೆ ನೋಡಿ ಅವರ ಬಣ್ಣ ಇಳಿಯಿತು. ಮಕ್ಕಳ ಗಂಟಲು ನೆನೆದು ಇಳಿದದ್ದಲ್ಲ, ಕಂಪನಿಯ ಹೆಸರು ನೆನೆದು. ಇರಲಿ, ಯಾವುದನ್ನು ನೆನೆದು ಮಾಡಿದರೂ ಕೆಲಸ ಆಯಿತು. ಎಲ್ಲ ಪೆಟ್ಟಿಗೆ ಒಡೆದು, ಕಲ್ಲಿಗೆ ಬೆನ್ನಿನಿಂದ ಒಂದು ಮೊಳೆ ಕೊಟ್ಟು ಕೂರಿಸಬೇಕು ಅಂತಾಯಿತು. ಅದು ಮುಗಿಯುವ ತನಕ ಯಾರಿಗೂ ರಜೆ ಇಲ್ಲ ಅಂತಲೂ ಆಯಿತು. ನಾವು ಗೆದ್ದದ್ದು ಹೀಗೆ. ಅವರು ಸೋತಾಗಲೂ ಬೆಲೆಯನ್ನು ನಮ್ಮ ಕೈಯಿಂದಲೇ ತೆರಿಸುತ್ತಾರೆ.

ಸಾಲಿನವರು ನನ್ನನ್ನು ಹೊತ್ತು ಮೆರೆಸಿದರು ಅಂದುಕೊಳ್ಳಬೇಡ. ಎರಡು ದಿನ ಒಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಪ್ರತಿಯೊಬ್ಬರಿಗೂ ಎಲ್ಲೋ ಒಂದು ಮನೆ ಇದೆ, ಮನೆಯಲ್ಲಿ ಕಾಯುವ ಒಂದು ಮುಖ ಇದೆ. "ನಿನ್ನ ಮಗಳ ಬಾಯಿ ನಮ್ಮೆಲ್ರ ರಜೇನೂ ನುಂಗ್ತಲ್ಲೇ" ಅಂದಳು ಅಂಟಕ್ಕ. ಕೆಮ್ಮಿ ಸುಧಾರಿಸಿಕೊಂಡು, "ಆದ್ರೂ ಒಂದ್ಸಲ ಕರ್ಕೊಂಡ್ ಬಾ ಅವಳನ್ನ. ಆ ಬಾಯಿ ಹೆಂಗಿದೆ ನೋಡ್ಬೇಕು" ಅಂದಳು.

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ಹೇಳದಿದ್ದರೆ ಅಮ್ಮ ಬರುತ್ತಿದ್ದಳು ಅಂದೆ. ನಿಜ, ಬರುತ್ತಿದ್ದೆ. ಸುಳ್ಳು ಹೇಳಿ ನಿನ್ನ ಸಮಾಧಾನ ಮಾಡುವುದಿಲ್ಲ. ಆದರೆ ರಜೆ ಕಿತ್ತುಕೊಂಡದ್ದು ನಿನ್ನ ಮಾತಲ್ಲ. ಕಿತ್ತುಕೊಂಡವನಿಗೆ ಕೈ ಇದೆ, ಜೇಬಿದೆ, ಮುಖ ಇದೆ. ಸಿಟ್ಟಿದ್ದರೆ ಆ ಮುಖದ ಮೇಲೆ ಇರಲಿ, ನನ್ನ ಮೇಲಾದರೂ ಇರಲಿ. ನಿನ್ನ ನಾಲಿಗೆಯ ಮೇಲೆ ಬೇಡ. ಅವರಿಗೆ ಬೇಕಾಗಿರುವುದೇ ಅದು. ಬಾಯಿ ಬಿಟ್ಟವರು ತಮ್ಮ ಬಾಯಿಯನ್ನೇ ಶಪಿಸಿಕೊಂಡು ಮೂಲೆ ಸೇರಬೇಕು. ಧರಣಿ ಮುರಿದ ಮೇಲೆ ನನ್ನ ಜೊತೆಯ ಎಷ್ಟೋ ಗಟ್ಟಿಗಿತ್ತಿಯರು ಹಾಗಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಎದುರಿಗೆ ಸಿಕ್ಕರೆ, "ನಮಗ್ಯಾಕೆ ಬೇಕಿತ್ತು ಹೇಳು" ಅಂತ ತಲೆ ತಗ್ಗಿಸುತ್ತಾರೆ. ನಿನ್ನ ವಯಸ್ಸಿಗೇ ನೀನು ಆ ಸಾಲಿನಲ್ಲಿ ನಿಂತರೆ ನಾನು ಕೂಗಿದ್ದೆಲ್ಲ ಗಾಳಿಗೆ ಹೋದ ಹಾಗೆ. ಪಾಪು ಇವತ್ತು ರಾಗ ಎಳೆಯುತ್ತಿರುವುದು ನಿನ್ನ ಬೆರಳಿನಿಂದ. ಹೆಸರು ಊರು ಗೊತ್ತಿಲ್ಲದ ಇನ್ನೆಷ್ಟೋ ಪಾಪುಗಳು ರಾಗ ಎಳೆಯಲಿರುವುದು ನಿನ್ನ ಮಾತಿನಿಂದ. ಅವರ ಅಮ್ಮಂದಿರಿಗೆ ಅದು ಗೊತ್ತಾಗುವುದೇ ಇಲ್ಲ. ನಿನಗೆ ಗೊತ್ತಿರಲಿ.

ಇಷ್ಟೆಲ್ಲ ಭಾಷಣ ಮಾಡುವವಳು ಸಂಜೆ ಹಾಸ್ಟೆಲಿಗೆ ಬಂದರೆ ಬೇರೆಯೇ ಹೆಂಗಸು. ನಿನಗೆಂದು ಒಂದು ಅಂಗಿ ಕೊಳ್ಳೋಣ ಅಂತ ಮೊನ್ನೆ ಅಂಗಡಿಗೆ ಹೋಗಿದ್ದೆ. ಅಂಗಡಿಯವಳು, "ಹುಡುಗಿ ಎಷ್ಟೆತ್ತರ ಇದ್ದಾಳೆ?" ಅಂದಳು. ನನ್ನ ಕೈ ತಾನಾಗಿ ಸೊಂಟದ ಹತ್ತಿರ ಹೋಯಿತು. ಅಷ್ಟೇ ಇರಲಾರಳಲ್ಲ ಅನ್ನಿಸಿ ಎದೆಯ ಹತ್ತಿರ ಬಂತು. ಅಲ್ಲೇ ನಿಂತಿತು, ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಕೂದಲೆಳೆಯಷ್ಟು ವಾಲಿದ ಕಣ್ಣನ್ನು ಹಿಡಿಯುವವಳಿಗೆ ತನ್ನ ಮಗಳ ನೆತ್ತಿ ತನಗೆಲ್ಲಿಗೆ ಬರುತ್ತದೆ ಅನ್ನುವುದು ಗೊತ್ತಿಲ್ಲ. ಅಂಗಿ ಕೊಳ್ಳದೆ ಬಂದೆ.

ಮೊಳೆ ಹೊಡೆಯುವ ಕೆಲಸ ಯಾವಾಗ ಮುಗಿಯುತ್ತದೋ ಗೊತ್ತಿಲ್ಲ. ದಿನ ಹೇಳಿ ಇನ್ನೊಮ್ಮೆ ನಿನ್ನನ್ನು ನಿಲ್ದಾಣದಲ್ಲಿ ನಿಲ್ಲಿಸಲಾರೆ. ಮುಗಿದ ದಿನ ಹೊರಡುತ್ತೇನೆ, ಆಯ್ತಾ ಸಾರ್ ಜೇಬಿನಿಂದ ರಜೆ ಚೀಟಿ ಕಿತ್ತುಕೊಂಡಾದರೂ ಹೊರಡುತ್ತೇನೆ. ಅಲ್ಲಿಯವರೆಗೆ ನನ್ನದೊಂದು ಬೇಡಿಕೆ. ಗೋಡೆಗೆ ಒರಗಿ ನೆಟ್ಟಗೆ ನಿಲ್ಲು. ತುದಿಗಾಲಲ್ಲಿ ನಿಂತು ಮೋಸ ಮಾಡಬೇಡ. ದೊಡ್ಡಮ್ಮನಿಗೆ ಹೇಳಿ ನಿನ್ನ ನೆತ್ತಿಯಿಂದ ಹಿಮ್ಮಡಿಯವರೆಗೆ ಒಂದು ದಾರ ಅಳೆಸಿ ಕತ್ತರಿಸು. ಲಕೋಟೆಯಲ್ಲಿಟ್ಟು ಕಳಿಸು. ಜೊತೆಗೆ ಒಂದಕ್ಷರವೂ ಬರೆಯಬೇಕಾಗಿಲ್ಲ. ಸಿಟ್ಟಿನಲ್ಲೇ ಕಳಿಸು. ನಾನು ಅದರ ಒಂದು ತುದಿಯನ್ನು ಕಾಲಬೆರಳಲ್ಲಿ ಮೆಟ್ಟಿ ಹಿಡಿದು, ಇನ್ನೊಂದು ತುದಿಯನ್ನು ಮೇಲಕ್ಕೆತ್ತಿ, ಎಲ್ಲಿಗೆ ಬರುತ್ತದೋ ಅಲ್ಲಿ ಕೈಯಿಟ್ಟು ನೋಡುತ್ತೇನೆ.

ನಿನ್ನ ಬಾಯಿ ಎಂದೂ ಸಣ್ಣದಾಗದಿರಲಿ, ನನ್ನವ್ವಾ. ಎದುರು ನಿಂತವರು ಎಷ್ಟೇ ದೊಡ್ಡವರಿರಲಿ, ಮೆಳ್ಳೆಗಣ್ಣನ್ನು ಮೆಳ್ಳೆಗಣ್ಣು ಅಂತಲೇ ಹೇಳುತ್ತಾ ಬೆಳೆ.

ನಿನ್ನ ಬೈಗುಳಕ್ಕೂ ಹಸಿದು ಕೂತಿರುವ,
ಅಮ್ಮ