ತಂದೆಯ ಹೆಸರಿನ ಜಾಗ

೧೨-೧-೧೯೪೮, ಸೋಮವಾರ. ಬಸ್ರೂರು

ಅರ್ಜಿಯ ಆ ಖಾಲಿ ಜಾಗ ಕಣ್ಣಿಂದ ಹೋಗುತ್ತಿಲ್ಲ.

ದೇವಸ್ಥಾನಕ್ಕೆ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡಬಾರದೆಂದು ಕಾನೂನು ಬಂದಿದೆ. ಅಮ್ಮನಂತೆ ನಾನು ಗೆಜ್ಜೆ ಕಟ್ಟಬೇಕಿಲ್ಲ, ಟೀಚರ್ ಆಗಬಹುದು ಎಂದುಕೊಂಡು ತರಬೇತಿಗೆ ಅರ್ಜಿ ಕೊಡಲು ಕುಂದಾಪುರಕ್ಕೆ ಹೋಗಿದ್ದೆ. ತಂದೆಯ ಹೆಸರು ಕೇಳಿದಲ್ಲಿ ಅಮ್ಮನ ಹೆಸರು ಬರೆದೆ. ಗುಮಾಸ್ತ ಅದರ ಮೇಲೆ ಗೀಟು ಎಳೆದು ಬೇರೆ ಖಾಲಿ ಅರ್ಜಿ ಕೊಟ್ಟ.

"ಅಪ್ಪನ ಹೆಸ್ರ್ ಇಲ್ದೆ ಅರ್ಜಿ ತಕಂಬುಕಾತ್ತಿಲ್ಲೆ."

"ಕಾನೂನ್ ಬಂದಿತ್ತಲ್ದಾ?" ಎಂದೆ.

"ಅದ್ ದೇವಸ್ಥಾನಕ್ಕ್ ಬಂದದ್. ಈ ಅರ್ಜಿಗಲ್ಲ."

ಬರುವಾಗ ನರಸಪ್ಪಯ್ಯನವರ ಜವಳಿ ಅಂಗಡಿಯ ಮುಂದೆ ನಿಂತೆ. ನಾನು ಅವರ ಮಗಳೆಂದು ಊರಿಗೆಲ್ಲ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

"ಎಂತ ಬೇಕಿತ್?" ಗಿರಾಕಿಯನ್ನು ಕೇಳುವ ಹಾಗೆಯೇ ಕೇಳಿದರು. ಬೇಕಿದ್ದದ್ದು ಹೆಸರು. ರವಕೆಯ ಬಟ್ಟೆ ಕೇಳಿದೆ. ಅವರು ಮುಖ ನೋಡದೆ ಹರಿದು ಕೊಟ್ಟರು.

ನಾಳೆ ಅರ್ಜಿಗೆ ಕಡೆಯ ದಿನ. ಅಮ್ಮ ಅನ್ನ ಬಡಿಸುತ್ತಾ, "ಅಪ್ಪ ಸತ್ತೋಯಿರ್ ಅಂತ ಬರಿ ಮಗಾ" ಎಂದಳು. ಬರೆಯಬಹುದು. ಆದರೆ ಸತ್ತವರಿಗೂ ಒಂದು ಹೆಸರು ಇರಬೇಕಲ್ಲ.