ಔಷಧದ ಪೆಟ್ಟಿಗೆಗೆ ಒಂದು ಸೀರೆ

ರಾಯಚೂರು,
ವ್ಯಯ ಸಂವತ್ಸರ, ಮಾರ್ಗಶಿರ ಶುದ್ಧ ಪಂಚಮಿ

ಚಿರಂಜೀವಿ ಸೌಭಾಗ್ಯವತಿ ತುಳಸಿಗೆ ಅಕ್ಕ ಅಹಲ್ಯಾ ಮಾಡುವ ಆಶೀರ್ವಾದ. ನಾವೆಲ್ಲ ಉಂಡು, ಉಟ್ಟು, ಒಬ್ಬರ ಮೇಲೊಬ್ಬರು ಸಿಡುಕಿಕೊಂಡು ಚೆನ್ನಾಗಿದ್ದೇವೆ.

ದೇವದುರ್ಗದಿಂದ ನೀನು ಬರೆದ ಕಾಗದ ಮುಟ್ಟಿತು. ನಿನ್ನ ಯಜಮಾನರು ಜಗನ್ನಾಥರಾಯರಿಗೆ ಕಾಲುವೆಯ ಸರ್ವೆಯಲ್ಲಿ ಕೆಲಸವಾಗಿದೆ, ಸಂಕ್ರಾಂತಿ ಕಳೆದ ಮೇಲೆ ಕವಿತಾಳದ ಆಚೆ ಬೀಳುವ ಕ್ಯಾಂಪಿಗೆ ನೀನೂ ಹೋಗುತ್ತೀ ಎಂದು ತಿಳಿಯಿತು. ಎಂಥ ಔಷಧದ ಪೆಟ್ಟಿಗೆ ಕೊಳ್ಳಲಿ ಎಂದು ಕೇಳಿದ್ದೀಯ. ಕಾಗದದ ಕೊನೆಗೆ, ಸಣ್ಣ ಅಕ್ಷರದಲ್ಲಿ, ರಕ್ತ ಕಂಡರೆ ನಿನಗೆ ಇಂದಿಗೂ ತಲೆ ಸುತ್ತುತ್ತದೆ ಎಂದೂ ಸೇರಿಸಿದ್ದೀಯ. ಎರಡಕ್ಕೂ ಸೇರಿ ನನ್ನ ಹತ್ತಿರ ಇರುವುದು ಒಂದೇ ಕಥೆ. ಇದನ್ನು ನಮ್ಮ ತವರಿನಲ್ಲಿ ಯಾರಿಗೂ ಹೇಳಿಲ್ಲ, ನಿನ್ನ ಭಾವನವರಿಗೆ ಸಂಕೋಚವೆಂದು. ನಿನ್ನ ಕಾಗದ ಓದಿ ಅವರೇ, "ತುಳಸಿಗೆ ಬರಿ, ಅಡ್ಡಿ ಇಲ್ಲ" ಅಂದರು.

ಅವರಿಗೆ ಸರ್ವೆಯ ಕೆಲಸ ಹತ್ತಿದ ವರ್ಷ ನಾವಿಬ್ಬರೂ ಇಲ್ಲಿಯ ಸ್ಟೇಷನ್ ಹತ್ತಿರ ಮೀರಾಹುಸೇನನ ಅಂಗಡಿಗೆ ಹೋಗಿ ಪೆಟ್ಟಿಗೆ ನೋಡಿದೆವು. ಒಂದು ಸಾದಾ ತಗಡಿನದು. ಇನ್ನೊಂದು ಕಟ್ಟಿಗೆಯದು, ಹಿತ್ತಾಳೆಯ ಬೀಗ, ಒಳಗೆ ನೀಲಿ ಮಖಮಲ್ಲು, ಒಂದೊಂದು ಸೀಸೆಗೂ ಒಂದೊಂದು ಗೂಡು. "ಇದು ದೊಡ್ಡ ಸಾಹೇಬರ ಮಾಲ್ ರೀ" ಎಂದ ಮೀರಾಹುಸೇನ. ನಿನ್ನ ಭಾವನವರು ಎಲ್ಲ ಸೀಸೆಗಳನ್ನೂ ತೆಗೆದು ಮೂಸಿ, ಮತ್ತೆ ಅವುಗಳ ಗೂಡಿನಲ್ಲೇ ಇಟ್ಟು, ಕಟ್ಟಿಗೆಯದನ್ನೇ ಆರಿಸಿದರು. ನನಗೂ ಅದೇ ಮನಸ್ಸಿಗೆ ಬಂದಿತ್ತು. ಬೀಗದ ಕೈಯನ್ನು ಅವರು ಜನಿವಾರಕ್ಕೆ ಕಟ್ಟಿಕೊಂಡರು.

ಕ್ಯಾಂಪು ಪೋತ್ನಾಳದ ಆಚೆ ಒಂದು ಜಾಲಿಯ ಬಯಲಿನಲ್ಲಿ. ಕಾಲುವೆ ಹೋಗಬೇಕಾದ ಗೆರೆಯ ಮೇಲಿನ ಗಿಡ ಕಡಿದು ದಾರಿ ಬಿಡಿಸುವುದು ಆಳುಗಳ ಕೆಲಸ. ಅವರಲ್ಲಿ ಕನಕರಾಯ ಎಂಬವನು ಎತ್ತರದ ಆಳು, ಮಾತು ಕಡಿಮೆ. ಅವನ ಹೆಂಡತಿ ಬಸವಂತಮ್ಮ ನಮ್ಮ ಡೇರೆಗಳಿಗೆ ನೀರು ತರುತ್ತಿದ್ದಳು. ಗಂಡ ಆಡದ ಮಾತನ್ನೂ ಅವಳೇ ಆಡುತ್ತಿದ್ದಳು. ಊರಲ್ಲಿ ಅವರಿಗೆ ಒಂದು ಎಮ್ಮೆ ಇತ್ತು. ಅದರ ಸುದ್ದಿ ತೆಗೆದಾಗ ಮಾತ್ರ ಕನಕರಾಯನ ಬಾಯಿ ಬಿಡುತ್ತಿತ್ತು.

ಅವತ್ತು ಬೆಳಗಿನ ಅಡಿಗೆ ಮುಗಿದಿರಲಿಲ್ಲ. ಹೊರಗೆ ಗದ್ದಲ ಕೇಳಿ ಬಂದರೆ, ಕನಕರಾಯನನ್ನು ಹೊತ್ತು ತರುತ್ತಿದ್ದರು. ಕೊಡಲಿ ಜಾಲಿಯ ಗಂಟಿಗೆ ತಾಗಿ ಜಾರಿ ಅವನ ಪಾದದ ಮೇಲೆ ಬಿದ್ದಿತ್ತು. ರಕ್ತ ಬರೀ ಸೋರುತ್ತಿರಲಿಲ್ಲ, ನಾಡಿಯ ಬಡಿತಕ್ಕೆ ಸರಿಯಾಗಿ ಚಿಮ್ಮುತ್ತಿತ್ತು. ಬಸವಂತಮ್ಮ ಕೊಡ ಎಸೆದು ಓಡಿಬಂದು, ಎರಡೂ ಅಂಗೈಗಳನ್ನು ಗಾಯದ ಮೇಲೆ ಒತ್ತಿ ಕುಳಿತಳು.

ನಿನ್ನ ಭಾವನವರು ಪೆಟ್ಟಿಗೆ ತಂದರು. ಜನಿವಾರದ ಗಂಟು ಅವಸರದಲ್ಲಿ ಬಿಚ್ಚಲಿಲ್ಲ. ಹಾಗೇ ಬಗ್ಗಿ, ಎದೆಯನ್ನು ಪೆಟ್ಟಿಗೆಗೆ ತಾಗಿಸಿ ಬೀಗ ತೆಗೆದರು. ತೆಗೆದವರು ಒಮ್ಮೆ ಆ ಕಾಲಿನ ಕಡೆ ನೋಡಿದರು. ನೋಡಿ, ನೆಲದ ಮೇಲೆ ಕುಳಿತರು. ಆಮೇಲೆ ಒರಗಿದರು. ಮುಖ ಸುಣ್ಣದ ಹಾಗೆ ಬಿಳುಪಾಗಿತ್ತು.

ಪೆಟ್ಟಿಗೆ ನಾನೇ ನೋಡಬೇಕಾಯಿತು. ಬಿಸಿಲಿಗೆ ಟಿಂಚರಿನ ಬಿರಡೆ ಸಡಿಲಾಗಿ, ಸೀಸೆ ಖಾಲಿಯಾಗಿ, ಹತ್ತಿಯೆಲ್ಲ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಕತ್ತರಿ ಉಗುರು ಕತ್ತರಿಸುವಂಥದು. ಪಟ್ಟಿ ಎರಡು ಬೆರಳಿನಷ್ಟು ಅಗಲ. ಮೂಸುವ ಔಷಧ ಇತ್ತು, ತಲೆನೋವಿನದು ಇತ್ತು, ಇನ್ನೂ ಏನೇನೋ ಇಂಗ್ಲಿಷಿನವು ಇದ್ದವು. ಬಸವಂತಮ್ಮನ ಬೆರಳಸಂದಿಯಿಂದ ರಕ್ತ ಇಳಿಯುತ್ತಲೇ ಇತ್ತು.

"ಅಮ್ಮಾರ, ಅರಿವಿ! ದೊಡ್ಡ ಅರಿವಿ ಕೊಡ್ರಿ!" ಎಂದು ಕೂಗಿದಳು.

ಹಗ್ಗದ ಮೇಲೆ ನನ್ನ ಮಡಿಸೀರೆ ಒಣಗುತ್ತಿತ್ತು. ಮುಂಜಾನೆ ಒಗೆದು, ಕೋಲಿನಿಂದ ಎತ್ತಿ ಹಾಕಿದ್ದು. ಅಲ್ಲಿದ್ದದ್ದರಲ್ಲಿ ಅಷ್ಟು ಶುಭ್ರವಾದ ಬಟ್ಟೆ ಬೇರೆ ಇರಲಿಲ್ಲ. ನಾನು ಸ್ವಲ್ಪ ಹೊತ್ತು ಅದನ್ನೇ ನೋಡಿದೆ, ತುಳಸಿ. ಮೈಲಿಗೆಯ ಯೋಚನೆ ಆಗ ಬರಲಿಲ್ಲ. ಯುದ್ಧದ ಕಂಟ್ರೋಲಿನಲ್ಲಿ ಬಟ್ಟೆ ಅಳೆದು ಕೊಡುತ್ತಿದ್ದ ಕಾಲ, ಒಂಬತ್ತು ಮೊಳದ ಬಟ್ಟೆ ಸಿಗುವುದೇ ಕಷ್ಟವಾಗಿರುವಾಗ ಹದಿನೆಂಟು ಮೊಳದ್ದು ಎಲ್ಲಿಂದ ತರಲಿ ಎಂಬ ಯೋಚನೆ ಬಂತು. ಆಮೇಲೆ ಅದನ್ನು ಎಳೆದುಕೊಂಡು, ಹಲ್ಲಿನಿಂದ ಅಂಚು ಕಚ್ಚಿ ಹರಿದೆ. ಒಂದು ತುಂಡನ್ನು ದಪ್ಪಗೆ ಮಡಿಸಿ ಬಸವಂತಮ್ಮನ ಅಂಗೈ ಕೆಳಗೆ ತುರುಕಿದೆ. ಅದರ ಮೇಲೆ ಉದ್ದದ ತುಂಡು ಸುತ್ತಿ ಬಿಗಿದೆ. ಅದೂ ತೊಯ್ದಿತು. ಬಿಚ್ಚದೆ, ಅದರ ಮೇಲೆಯೇ ಇನ್ನೊಂದು ಸುತ್ತಿದೆ.

ಗಾಡಿ ಕಟ್ಟಿ ಮಾನ್ವಿಯ ದವಾಖಾನೆಗೆ ಹೊರಟೆವು. ಜೋಳದ ಚೀಲದ ಮೇಲೆ ಅವನ ಕಾಲು ಎತ್ತಿ ಇಟ್ಟೆವು. ಬಸವಂತಮ್ಮ ಕಟ್ಟಿನ ಮೇಲಿಂದ ಕೈ ತೆಗೆಯಲೇ ಇಲ್ಲ. ನಾನು ಬದಲಿಗೆ ಒತ್ತುತ್ತೇನೆ ಎಂದರೆ, "ಬ್ಯಾಡ್ರಿ, ಕೈ ಬದ್ಲಿ ಮಾಡೂದ್ರಾಗ ಹೋಗಿಬಿಡ್ತಾನ" ಅಂದಳು. ಕನಕರಾಯನ ಕಣ್ಣು ಮುಚ್ಚತೊಡಗಿದವು.

"ಏಯ್, ಕಣ್ಣ ಬಿಡು. ನೀ ಮಕ್ಕೊಂಡ್ರ ನಾ ಎಮ್ಮಿ ಮಾರ್ತೀನಿ ನೋಡು."

ಅವಳು ಇನ್ನೂ ದನಿ ಏರಿಸಿದಳು.

"ನಾಳಿ ಸಂತ್ಯಾಗ ಮಾರ್ತೀನಿ. ಹಾಲು ಕಡಿಮಿ ಆಗ್ಯಾದ. ಯಾರರ ಒಯ್ಯಲಿ ಅತ್ತಾಗ."

"ಹಾಲು ಕಡಿಮಿ ಆಗಿಲ್ಲ" ಎಂದ ಕನಕರಾಯ, ಕಣ್ಣು ತೆರೆದು. "ನಿನಗ ಹಿಂಡಾಕ ಬರಂಗಿಲ್ಲ."

ಹಾಗೆ ದಾರಿಯುದ್ದಕ್ಕೂ ಅವಳು ಎಮ್ಮೆಯನ್ನು ಮಾರುತ್ತಲೇ ಬಂದಳು, ಅವನು ಬಿಡಿಸಿಕೊಳ್ಳುತ್ತಲೇ ಬಂದ. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಹೊರಗೆ ನೋಡಿದೆ. ನಿನ್ನ ಭಾವನವರು ಗಾಡಿಯ ಪಕ್ಕದಲ್ಲೇ ನಡೆಯುತ್ತಿದ್ದರು. ಎಚ್ಚರವಾದ ಕೂಡಲೆ ಎದ್ದು ಬಂದಿದ್ದರಂತೆ. ಅವರ ಕೈ ಗಾಡಿಯೊಳಕ್ಕೆ ಚಾಚಿತ್ತು, ಕೊಡೆಯ ನೆರಳನ್ನು ಕನಕರಾಯನ ಮುಖದ ಮೇಲೆ ಹಿಡಿದಿತ್ತು. ಮುಖ ಮಾತ್ರ ಆ ಕಡೆ, ಹೊಲಗಳ ಕಡೆ ಹೊರಳಿತ್ತು. ಮಾನ್ವಿ ಮುಟ್ಟುವವರೆಗೂ ಹಾಗೇ ನಡೆದರು. ತಲೆ ಸುತ್ತುವವರು ಏನು ಮಾಡಬೇಕು ಎಂದು ನೀನು ಕೇಳಿದರೆ, ನಾನು ಕಂಡದ್ದು ಇದು.

ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಜೀವ ಉಳಿಯಿತು, ಕಾಲೂ ಉಳಿಯಿತು. ಎರಡು ಬೆರಳು ಮಾತ್ರ ಮತ್ತೆ ಮಡಿಸಲು ಬರಲಿಲ್ಲ. ಗೆರೆಯ ಕೆಲಸ ಅವನಿಂದ ಆಗದಾಯಿತು. ಭಾವನವರು ಪೋತ್ನಾಳದ ಹತ್ತಿ ಗಿರಣಿಯ ಮಾಲಕರು ದೊಡ್ಡಪ್ಪ ಎಂಬವರಿಗೆ ಹೇಳಿ ಅಲ್ಲಿ ಕಾವಲಿಗೆ ಹಚ್ಚಿಸಿದರು. ಈಗಲೂ ಅಲ್ಲೇ ಇದ್ದಾನೆ, ಕುಂಟುತ್ತಾನೆ.

ಅವತ್ತು ದವಾಖಾನೆಯಿಂದ ನಾನು ಮಾನ್ವಿಯಲ್ಲೇ ಇದ್ದ ಅತ್ತೆಮನೆಗೆ ಹೋದಾಗ ಅತ್ತೆಯವರು ಪಡಸಾಲೆಯಲ್ಲಿದ್ದರು. ಸತ್ಯಭಾಮಾಬಾಯಿಯವರ ಮಡಿ ಎಂಥದೆಂದು ನಿನಗೆ ಗೊತ್ತು. ನನ್ನ ಮದುವೆಯಲ್ಲಿ ನಿನ್ನ ನೆರಳು ಬಿತ್ತೆಂದು ಎರಡನೇ ಸಲ ಮಿಂದವರು. ನನ್ನ ಕೈ, ಉಟ್ಟ ಸೀರೆ, ಎಲ್ಲ ನೋಡಿದರು. ನಡೆದದ್ದನ್ನು ಹೇಳಿದೆ, ಮಡಿಸೀರೆಯ ವಿಷಯವನ್ನೂ ಬಿಡದೆ. ಅವರು ಕೇಳಿ, "ಸ್ನಾನಾ ಮಾಡು" ಅಂದರು. ಅಷ್ಟೇ. ಬೈಗುಳ ಮರುದಿನಕ್ಕೆ ಇಟ್ಟಿದ್ದಾರೆ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಹಿತ್ತಲಿಗೆ ಹೋದರೆ, ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಬಿಸಿಲಲ್ಲಿ ಹಗ್ಗದ ತುಂಬ ಕೆಂಪು ಪಟ್ಟಿಗಳು. ಅತ್ತೆಯವರು ತಮ್ಮ ಸೀರೆಯನ್ನು ಹರಿದಿದ್ದರು. ವಿಧವೆಯಾದಾಗಿನಿಂದ ಅವರು ಉಡುತ್ತಿದ್ದದ್ದು ಆ ಕೆಂಪು ಸೀರೆಗಳನ್ನೇ, ಇದ್ದದ್ದೇ ಕೆಲವು. ಒಣಗಿದ ಪಟ್ಟಿಗಳನ್ನು ಒಂದೊಂದಾಗಿ ಬಿಗಿಯಾಗಿ ಸುತ್ತಿ ನನ್ನ ಮುಂದೆ ಇಟ್ಟರು.

"ಉಡೋ ಸೀರಿ ಇನ್ನೊಮ್ಮೆ ಹರೀಬ್ಯಾಡ. ಇವನ್ನ ಒಯ್ಯಿ. ಕುದಿಸಿ ಕುದಿಸಿ ಬಣ್ಣ ಬಿಡೂದು ನಿಂತದ" ಅಂದರು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, "ಕೆಂಪದ ಮ್ಯಾಲೆ ರಕ್ತ ಎದ್ದು ಕಾಣೂದಿಲ್ಲ. ಸಣ್ಣಾಂವ ಇದ್ದಾಗಿಂದ ಅವಗ ತಡಕೊಳ್ಳಲಿಕ್ಕೆ ಆಗೂದಿಲ್ಲ" ಅಂದರು.

ಕ್ಯಾಂಪಿಗೆ ಮರಳಿದ ಮೇಲೆ ಬಸವಂತಮ್ಮ ಒಂದು ದಿನ ತನ್ನ ಗಂಟು ಒಯ್ಯಲು ಬಂದಳು. ಪೆಟ್ಟಿಗೆ ತೋರಿಸೆಂದಳು. ಒಂದೊಂದೇ ಸೀಸೆ ಎತ್ತಿ, ಇದು ಯಾತಕ್ಕ, ಇದು ಯಾತಕ್ಕ ಎಂದು ಕೇಳಿದಳು. ಮೂಸುವ ಔಷಧ ಬಂತು. ಎಚ್ಚರ ತಪ್ಪಿದವರಿಗೆ ಎಂದೆ. "ಹಂಗಾರ ಅವತ್ತು ಸಾಹೇಬ್ರಿಗೆ ಮೂಸಸಬೇಕಿತ್ತಲ್ರೀ" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಡೇರೆಯ ಒಳಗಿನಿಂದ ನಿನ್ನ ಭಾವನವರ ನಗೆಯೂ ಕೇಳಿಸಿತು.

ಆದ್ದರಿಂದ ನೀನು ತಗಡಿನದನ್ನು ಕೊಂಡುಕೋ. ಬೀಗ ಬೇಡ. ಮುಚ್ಚಳ ಒಂದು ಕೈಯಲ್ಲಿ ತೆಗೆಯಲು ಬರಬೇಕು, ಇನ್ನೊಂದು ಕೈ ಗಾಯದ ಮೇಲಿರುತ್ತದೆ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಾಕು. ಟಿಂಚರಿನ ಬಿರಡೆಗೆ ಮೇಣ ಹಚ್ಚು, ಹತ್ತಿಯಿಂದ ದೂರ ಇಡು. ಚಳಿಜ್ವರಕ್ಕೆ ಕ್ವಿನೈನ್ ಮರೆಯಬೇಡ. ಮುಳ್ಳು ತೆಗೆಯುವ ಚಿಮುಟ ಇರಲಿ. ಬಯಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೈಗೆ ಬರುವುದು ಅದೇ. ಈಗ ಇಲ್ಲಿ ನನ್ನ ಪೆಟ್ಟಿಗೆ ಅಡಿಗೆಮನೆಯ ಗೂಡಿನಲ್ಲಿದೆ. ಈಳಿಗೆ ತಾಗಿದ ಬೆರಳು, ಮಕ್ಕಳ ಮೊಣಕಾಲು, ಎಲ್ಲಕ್ಕೂ ಅದೇ. ಓಣಿಯವರೂ ಬಂದು ಒಯ್ಯುತ್ತಾರೆ. ಉಳಿದದ್ದೆಲ್ಲ ಬಟ್ಟೆಯಿಂದ ತುಂಬು.

ಅತ್ತೆಯವರು ಹೋಗಿ ಈ ಮಾಘಕ್ಕೆ ವರ್ಷವಾಗುತ್ತದೆ. ಅವರ ಸೀರೆಯ ಎರಡೇ ಪಟ್ಟಿ ನನ್ನಲ್ಲಿ ಉಳಿದಿವೆ. ನಿನಗೊಂದು ಕಳಿಸೋಣವೆಂದು ಕೈಗೆ ತೆಗೆದುಕೊಂಡೆ, ಮತ್ತೆ ಒಳಗಿಟ್ಟೆ. ಕೊಡಲು ಮನಸ್ಸಾಗಲಿಲ್ಲ. ನಿನ್ನ ಸೀರೆಯನ್ನು ನೀನೇ ಹರಿದುಕೊಳ್ಳಬೇಕು, ತುಳಸಿ. ಹೋಗುವ ಮೊದಲೇ, ಮನೆಯಲ್ಲಿ ಕುಳಿತು, ಸಮಾಧಾನವಾಗಿ.

ನೀನು ಸುತ್ತಿಟ್ಟ ಪಟ್ಟಿಗಳು ಬಿಚ್ಚುವ ಕಾರಣವೇ ಬಾರದೆ ಪೆಟ್ಟಿಗೆಯಲ್ಲೇ ಹಳೆಯವಾಗಲಿ.

ಇಂತು ನಿನ್ನ ಅಕ್ಕ,
ಅಹಲ್ಯಾ